ಬೆಕ್ಕಿಗೆ ಮಾತು ಹತ್ತುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕರಾವಳಿಯ ಊರುಗಳಲ್ಲಿ ಮೀನು ಮಾರುವವರ ಸ್ಕೂಟರ್ ತಿರುವಿನಲ್ಲಿ ‘ಪೋಂ ಪೋಂ’ ಎಂದರೆ ಸಾಕು, ಹಂಚಿನ ಮೇಲೆ ಮಲಗಿದ್ದ ಬೆಕ್ಕು ಗೇಟಿನ ಬಳಿ ಹಾಜರು. ಯಾರೂ ಅದಕ್ಕೆ ಪಾಠ ಹೇಳಿಕೊಟ್ಟಿಲ್ಲ. ಅದೇ ಬೆಕ್ಕನ್ನು ಮನೆಯವರು ಹೆಸರು ಹಿಡಿದು ಹತ್ತು ಸಲ ಕೂಗಿದರೂ ಮೀಸೆ ಅಲುಗುವುದಿಲ್ಲ. ಹಾರ್ನಿನಲ್ಲಿ ಏನಿದೆ, ಹೆಸರಿನಲ್ಲಿ ಏನಿಲ್ಲ ಎಂದು ನೋಡಿದರೆ ಅರ್ಧ ರೋಗ ಗೊತ್ತಾಯಿತು. ಹಾರ್ನಿನ ದನಿ ದಿನವೂ ಒಂದೇ. ಅದು ಮೀನಿಗಿಂತ ಮೊದಲು ಬರುತ್ತದೆ. ಮೀನಿಲ್ಲದ ದಿನ ಬರುವುದಿಲ್ಲ. ಅದನ್ನು ಕೇಳಿ ಓಡಿಹೋದವರ ಉಗುರನ್ನು ಯಾರೂ ಹಿಡಿದು ಕತ್ತರಿಸುವುದಿಲ್ಲ.

‘ನಮ್ಮ ಬೆಕ್ಕಿಗೆ ಏನು ಹೇಳಿದರೂ ತಿಳಿಯಲ್ಲ’ ಎಂಬ ದೂರಿನಲ್ಲಿ ಬಹುಪಾಲು ಕೆಟ್ಟಿರುವುದು ಮಾತು. ಬೆಕ್ಕು ಸರಿಯಾಗಿಯೇ ಇರುತ್ತದೆ. ಹೇಗೆ ಕೆಟ್ಟಿದೆ ಎಂದು ಪತ್ತೆ ಮಾಡದೆ ಹೊಸ ಹೊಸ ಪದ ಕಲಿಸಲು ಹೋದರೆ ಅವೂ ಕೆಡುತ್ತವೆ. ಕೆಳಗಿನ ಪರೀಕ್ಷೆಗಳಲ್ಲಿ ಮೊದಲ ಮೂರನ್ನು ಇದೇ ಸರದಿಯಲ್ಲಿ ಮಾಡಿ. ಉಳಿದವನ್ನು ಲಕ್ಷಣ ನೋಡಿಕೊಂಡು ಆರಿಸಿಕೊಳ್ಳಬಹುದು.

ಮೊದಲು ಕಿವಿ

ಬೆಕ್ಕಿನ ಕಿವಿ 60,000 ಹರ್ಟ್ಸ್ ದಾಟಿದ ಸಣ್ಣ ಕೀರಲು ದನಿಯನ್ನೂ ಹಿಡಿಯುತ್ತದೆ. ನಮ್ಮದು 20,000ಕ್ಕೇ ಮುಗಿಯಿತು. ಆದ್ದರಿಂದ ‘ಮೆಲ್ಲಗೆ ಹೇಳಿದೆ, ಕೇಳಿಸಲಿಲ್ಲವೇನೋ’ ಎಂಬ ಅನುಮಾನ ಬೇಡ. ಕೇಳಿಸದಿದ್ದರೆ ಕಾರಣ ಕಿವಿಯ ಒಳಗಿರುತ್ತದೆ.

ಬೆಕ್ಕು ನಿದ್ದೆಯಲ್ಲಿರುವಾಗ ಪಕ್ಕದ ಕೋಣೆಯ ಬಾಗಿಲ ಮರೆಯಲ್ಲಿ ನಿಂತು ಬಿಸ್ಕತ್ತಿನ ಖಾಲಿ ಪೊಟ್ಟಣವನ್ನು ಒಮ್ಮೆ ಸರಬರ ಅನ್ನಿಸಿ. ನಿದ್ದೆಯಲ್ಲೇ ಕಿವಿಯ ತುದಿ ನಿಮ್ಮ ಕಡೆ ತಿರುಗಬೇಕು. ಚಪ್ಪಾಳೆ ತಟ್ಟಿ ನೋಡಬೇಡಿ: ಗಾಳಿಯ ಅಲೆ ಮೀಸೆಗೆ ತಾಗುತ್ತದೆ, ಹೆಜ್ಜೆಯ ಅದುರು ನೆಲದಿಂದ ಕಾಲಿಗೆ ಬರುತ್ತದೆ, ಪೂರಾ ಕಿವುಡು ಬೆಕ್ಕೂ ಪಾಸಾಗಿಬಿಡುತ್ತದೆ. ಎಡದಿಂದ ಮೂರು ಸಲ, ಬಲದಿಂದ ಮೂರು ಸಲ, ನಡುವೆ ಅರ್ಧ ಗಂಟೆಯಾದರೂ ಬಿಟ್ಟು ಮಾಡಿ. ಸದ್ದು ಕೇಳಿ ಎಚ್ಚೆತ್ತರೂ ತಪ್ಪು ದಿಕ್ಕಿಗೆ ತಲೆ ಹೊರಳಿಸುತ್ತಿದ್ದರೆ ಒಂದು ಕಿವಿ ಮಾತ್ರ ಕೆಲಸ ಮಾಡುತ್ತಿರಬಹುದು. ಅಂಥ ಬೆಕ್ಕಿಗೆ ಮಾತು ಕಲಿಸಬಹುದು, ಆದರೆ ನೀವು ಎಲ್ಲಿದ್ದೀರಿ ಎಂದು ಹುಡುಕಲು ಅದಕ್ಕೆ ಸಮಯ ಬೇಕು. ಅದನ್ನು ‘ಬರಲಿಲ್ಲ’ ಎಂದು ಲೆಕ್ಕ ಹಾಕಬೇಡಿ.

ಬೆಕ್ಕು ಪೂರ್ತಿ ಬಿಳಿಯದಾಗಿದ್ದರೆ ಈ ಪರೀಕ್ಷೆಯನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು. ಎರಡೂ ಕಣ್ಣು ನೀಲಿ ಇರುವ ಬಿಳಿ ಬೆಕ್ಕುಗಳಲ್ಲಿ 65ರಿಂದ 85 ಶೇಕಡದವಕ್ಕೆ ಒಂದಾದರೂ ಕಿವಿ ಹುಟ್ಟಿನಿಂದಲೇ ಕೇಳಿಸುವುದಿಲ್ಲ. ಒಂದೇ ಕಣ್ಣು ನೀಲಿಯಿದ್ದರೆ ಆ ಪ್ರಮಾಣ ಸುಮಾರು 40, ಸಾಮಾನ್ಯವಾಗಿ ನೀಲಿ ಕಣ್ಣಿನ ಬದಿಯ ಕಿವಿಯೇ ಕೆಟ್ಟಿರುತ್ತದೆ.

ಕಿವಿ ಮಡಿಸಿ ಒಳಗೆ ನೋಡಿ. ಒದ್ದೆಯಾದ ಕಾಫಿ ಪುಡಿಯಂಥ ಕಪ್ಪು ಕೊಳೆ ತುಂಬಿದ್ದು, ಬೆಕ್ಕು ತಲೆ ಕೊಡವುತ್ತಾ ಹಿಂಗಾಲಿನಿಂದ ಕೆರೆದುಕೊಳ್ಳುತ್ತಿದ್ದರೆ ಅದು ಕಿವಿ ನುಸಿಯ ಲಕ್ಷಣ. ಪಶುವೈದ್ಯರಿಗೆ ತೋರಿಸಿ. ಎಣ್ಣೆ ಕಾಯಿಸಿ ಬಿಡುವುದು, ಬಡ್ಸ್ ಹಾಕಿ ಒಳಕ್ಕೆ ತಳ್ಳುವುದು, ಮನೆಯಲ್ಲಿ ಉಳಿದಿರುವ ನಾಯಿಯ ಉಣ್ಣೆ ಔಷಧ ಹಚ್ಚುವುದು ಬೇಡ. ನಾಯಿಯ ಎಷ್ಟೋ ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಕೇಳಿಸುತ್ತದೆ, ಆದರೆ ಗುರುತಿಸುತ್ತದೆಯೇ?

ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. ‘ಬರಲಿಲ್ಲ, ಹಾಗಾಗಿ ತಿಳಿದಿಲ್ಲ’ ಎಂಬ ತೀರ್ಮಾನ ನಾಯಿಯ ಲೆಕ್ಕದ್ದು. ಬೆಕ್ಕು ಗುರುತಿಸಿದ್ದನ್ನು ಕಿವಿಯಲ್ಲಿ, ತಲೆಯಲ್ಲಿ, ಒಮ್ಮೊಮ್ಮೆ ಬಾಲದ ತುದಿಯಲ್ಲಿ ತೋರಿಸುತ್ತದೆ. ಎದ್ದು ಬರುವುದು ಬೇರೆಯೇ ವ್ಯವಹಾರ. ಜಪಾನಿನ ಅಟ್ಸುಕೊ ಸೈಟೊ ಮತ್ತು ಸಂಗಡಿಗರು 78 ಬೆಕ್ಕುಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಬೆಕ್ಕಿಗೆ ಅದರ ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದ ಕೇಳಿಸಿ, ಬೇಸರ ಬಂದ ಹೊತ್ತಿಗೆ ಹೆಸರು ಹೇಳಿದರೆ ಅದರ ಕಿವಿ, ತಲೆ ಮತ್ತೆ ಅಲುಗಿದವು. ಎದ್ದು ಬಂದವು ತೀರಾ ಕಡಿಮೆ. ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ.

ಬೆಕ್ಕಿನ ಹೆಸರು ಮಿಂಚು ಎಂದಿಟ್ಟುಕೊಳ್ಳಿ. ಎರಡೇ ಅಕ್ಷರದ ನಾಲ್ಕು ಪದ ಆರಿಸಿ: ಗೋಡೆ, ಚಾಪೆ, ಕಂಬ, ದಿಂಬು. ಮೀನು, ಹಾಲು ಎಂಬಂಥವು ಬೇಡ, ಅವು ಮೊದಲೇ ಗೊತ್ತಿರಬಹುದು. ಬೆಕ್ಕು ಆರಾಮಾಗಿ ಕುಳಿತಿರುವಾಗ ಅದರ ಹಿಂದೆ ಎರಡು ಮೀಟರ್ ದೂರದಲ್ಲಿ ನಿಂತು, ಒಂದೇ ದನಿಯಲ್ಲಿ, 15 ಸೆಕೆಂಡಿಗೊಂದರಂತೆ ನಾಲ್ಕೂ ಪದ ಹೇಳಿ. ಐದನೆಯದಾಗಿ ಅದೇ ದನಿಯಲ್ಲಿ ‘ಮಿಂಚು’. ಇನ್ನೊಬ್ಬರು ಎದುರಿನಿಂದ ಮೊಬೈಲಿನಲ್ಲಿ ವಿಡಿಯೊ ಹಿಡಿಯಲಿ. ಕಣ್ಣಿಗೆ ತಪ್ಪುವ ಕಿವಿಯ ತಿರುಗು ನಿಧಾನಗತಿಯಲ್ಲಿ ಕಾಣುತ್ತದೆ. ಹೆಸರನ್ನು ಎಳೆದು ‘ಮಿಂಚೂ...’ ಎಂದರೆ ಪರೀಕ್ಷೆ ಕೆಟ್ಟಿತು. ಬೆಕ್ಕು ಗುರುತಿಸಿದ್ದು ರಾಗವನ್ನೋ ಹೆಸರನ್ನೋ ಗೊತ್ತಾಗುವುದಿಲ್ಲ. ಐದು ದಿನ ದಿನಕ್ಕೊಂದು ಸಲ ಮಾಡಿ.

ಐದರಲ್ಲಿ ನಾಲ್ಕು ಸಲ ಐದನೆಯ ಪದಕ್ಕೆ ಕಿವಿ ತಿರುಗಿದರೆ ಹೆಸರು ಗೊತ್ತಿದೆ. ಗೊತ್ತಿದ್ದೂ ಬರುತ್ತಿಲ್ಲವೆಂದರೆ ಕೊರತೆ ಕೂಲಿಯದು, ಅಂದರೆ ಬಂದದ್ದಕ್ಕೆ ಸಿಗುವ ತಿನಿಸಿನದು. ‘ಕೂಲಿ ಸಾಲದು’ ಎಂಬ ಭಾಗಕ್ಕೆ ಹೋಗಿ. ನಾಲ್ಕು ಪದಕ್ಕೂ ಹೆಸರಿಗೂ ಒಂದೇ ಥರ ಸುಮ್ಮನಿದ್ದರೆ ಮುಂದೆ ಓದಿ.

ಪದ ಕಲಿತಿದೆಯೋ, ಡಬ್ಬಿ ಕಲಿತಿದೆಯೋ?

ಇದು ಎದುರು ಬಗೆಯ ತಪ್ಪು. ‘ನಮ್ಮನೆ ಬೆಕ್ಕಿಗೆ ಊಟ ಅಂದರೆ ಗೊತ್ತು’ ಎನ್ನುತ್ತಾರೆ. ಡಬ್ಬಿಯ ಮುಚ್ಚಳ, ಫ್ರಿಜ್ಜಿನ ಬಾಗಿಲು, ಸಂಜೆ ಏಳರ ಹೊತ್ತು, ಅಡುಗೆಮನೆ ಕಡೆ ಹೊರಟ ನಿಮ್ಮ ಕಾಲು, ಇವಿಷ್ಟೂ ಇರುವಾಗ ‘ಊಟ’ ಎಂಬ ಸದ್ದು ಬೆಕ್ಕಿಗೆ ಬೇಕಾಗಿಯೇ ಇಲ್ಲ. ನೂರು ವರ್ಷದ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಜನ ಮುಗಿಬಿದ್ದಿದ್ದರು. ಪ್ರಶ್ನೆ ಕೇಳುವವರ ಮುಖ, ಮೈಯ ಸಣ್ಣ ಚಲನೆ ನೋಡಿ ಅದು ಗೊರಸು ಕುಟ್ಟುವುದನ್ನು ನಿಲ್ಲಿಸುತ್ತಿತ್ತು ಎಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿಕೊಟ್ಟರು. ಬೆಕ್ಕೂ ಅಷ್ಟೇ ಸೂಕ್ಷ್ಮ.

ಪತ್ತೆ ಮಾಡುವುದು ಹೀಗೆ. ಊಟದ ಹೊತ್ತಲ್ಲದ ಹೊತ್ತಿನಲ್ಲಿ, ಅಡುಗೆಮನೆಯಲ್ಲದ ಕೋಣೆಯಲ್ಲಿ, ಕುರ್ಚಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ, ಕೈ ಮಡಿಲಲ್ಲಿಟ್ಟು ಕುಳಿತುಕೊಳ್ಳಿ. ನಾಣ್ಯ ಚಿಮ್ಮಿಸಿ. ಹೆಡ್ ಬಿದ್ದರೆ ಕಲಿಸಿದ ಪದ, ಟೇಲ್ ಬಿದ್ದರೆ ಅದೇ ಉದ್ದದ ಅರ್ಥವಿಲ್ಲದ ಪದ. ಎರಡು ಮೂರು ದಿನಕ್ಕೆ ಹಂಚಿ, ಎರಡೂ ಹತ್ತು ಹತ್ತು ಆಗುವವರೆಗೆ ಮಾಡಿ ಬರೆದಿಡಿ. ಕಲಿಸಿದ ಪದಕ್ಕೆ ಎಂಟೋ ಹೆಚ್ಚೋ, ಸುಳ್ಳು ಪದಕ್ಕೆ ಎರಡೋ ಕಡಿಮೆಯೋ ಆದರೆ ಪದ ನಾಟಿದೆ. ಎರಡಕ್ಕೂ ಎಂಟೆಂಟು ಬಂದರೆ ಬೆಕ್ಕು ನಿಮ್ಮ ದನಿಗೆ ಬರುತ್ತಿದೆ, ಪದಕ್ಕಲ್ಲ. ಎರಡಕ್ಕೂ ಒಂದೆರಡೇ ಆದರೆ ಇಷ್ಟು ದಿನ ಕೆಲಸ ಮಾಡಿದ್ದು ಡಬ್ಬಿಯೇ.

ರಿಪೇರಿ ಒಂದೇ: ಪದ ಮುಂದೆ, ಉಳಿದದ್ದೆಲ್ಲ ಹಿಂದೆ. ಕೈ, ಕಾಲು, ಡಬ್ಬಿ ಯಾವುದೂ ಅಲುಗದಿರುವಾಗ ಪದ ಹೇಳಿ. ಮನಸ್ಸಿನಲ್ಲಿ ‘ಒಂದು’ ಎಂದು ಎಣಿಸಿ. ಆಮೇಲೆ ಡಬ್ಬಿ ಮುಟ್ಟಿ. ಮುಚ್ಚಳ ತೆಗೆಯುತ್ತಾ ‘ಊಟ’ ಎಂದರೆ ಮುಚ್ಚಳದ ಸದ್ದು ಪದವನ್ನು ನುಂಗುತ್ತದೆ. ಈ ಒಂದು ಸೆಕೆಂಡಿನ ಅಂತರವೊಂದನ್ನು ಸರಿಪಡಿಸಿದರೆ ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ, ಮುಂದಿನದು ಓದುವ ಅಗತ್ಯವೂ ಬೀಳುವುದಿಲ್ಲ.

ಪದ ಸವೆದುಹೋಗಿದೆ

ಕನ್ನಡದ ಮನೆಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ‘ಬಾ’ ಎಂಬ ಪದವನ್ನೇ ನೋಡಿ. ದಿನವಿಡೀ ಮಕ್ಕಳಿಗೆ ಬಾ, ಫೋನಿನಲ್ಲಿ ಬಾ, ಟೀವಿಯಲ್ಲಿ ಬಾ. ಬೆಕ್ಕಿನ ಪಾಲಿಗೆ ಅದು ನೂರು ಸಲ ಬರುವ, ಏನೂ ಆಗದ ಸದ್ದು. ಏನೂ ಆಗದ ಸದ್ದನ್ನು ಕಿವಿಯಿಂದ ಆಚೆ ಇಡುವುದರಲ್ಲಿ ಬೆಕ್ಕು ನಿಪುಣ. ಮಿಕ್ಸಿ ತಿರುಗುವಾಗಲೂ ನಿದ್ದೆ ಮಾಡುವ ಪ್ರಾಣಿಯದು. ‘ಊಟ’, ‘ಹೋಗು’, ‘ತಗೋ’ ಇವೂ ಹೀಗೆಯೇ ಸವೆದ ನಾಣ್ಯಗಳು.

ಇದಕ್ಕೆ ನಮ್ಮ ಕ್ರಿಯಾಪದಗಳ ಬಾಲ ಸೇರುತ್ತದೆ. ಬಾ, ಬಾರೋ, ಬಾರೇ, ಬಾರಮ್ಮ, ಬರ್ತೀಯೋ ಇಲ್ವೋ, ಬಂದ್ಬಿಡು, ಬಾರಪ್ಪ ಸಾಕು. ನಮಗೆ ಒಂದೇ ಪದ, ಬೆಕ್ಕಿಗೆ ಏಳು ಸದ್ದು. ಅಜ್ಜಿ ‘ಬಾರೇ’ ಎನ್ನುತ್ತಾರೆ, ಮೊಮ್ಮಗ ‘ಬಾರೋ’ ಎನ್ನುತ್ತಾನೆ; ಗಂಡೋ ಹೆಣ್ಣೋ ಎಂಬ ಜಗಳ ಪಶುವೈದ್ಯರ ಬಳಿ ತೀರ್ಮಾನವಾಗುವವರೆಗೂ ಬೆಕ್ಕು ಎರಡನ್ನೂ ಕಡೆಗಣಿಸುತ್ತದೆ. ಮನೆಯಲ್ಲಿ ಎರಡು ಮೂರು ಭಾಷೆಯಿದ್ದರೆ, ಒಬ್ಬರು ‘ಪುಚ್ಚೆ’, ಒಬ್ಬರು ‘ಕೊತ್ತಿ’, ಒಬ್ಬರು ‘ಕಿಟ್ಟಿ’ ಎಂದರೆ ಹೇಳುವುದೇ ಬೇಡ. ಬೆಕ್ಕಿಗೆ ಭಾಷೆಯ ಹಂಗಿಲ್ಲ. ಒಂದು ಸದ್ದಿಗೆ ಒಂದು ಅರ್ಥ ಎಂಬ ಹಂಗು ಮಾತ್ರ ಇದೆ.

ಪರಿಹಾರವಾಗಿ ಮನುಷ್ಯರೊಂದಿಗೆ ಯಾರೂ ಆಡದ ಪದವನ್ನು ಕರೆಗೆ ಇಟ್ಟುಕೊಳ್ಳಿ: ‘ಚುಕ್ಚುಕ್’, ‘ಟಿಕ್ಕೀ’, ಏನಾದರೂ. ಚ, ಟ, ಕ ಇರುವ ಸದ್ದು ಗದ್ದಲದ ನಡುವೆ ಎದ್ದು ಕೇಳುತ್ತದೆ. ‘ಸ್ಸ್‌’ ಎಂದು ಎಳೆಯುವ ಸದ್ದು ಬೇಡ, ಅದು ಇನ್ನೊಂದು ಬೆಕ್ಕು ಬುಸುಗುಟ್ಟಿದಂತಿರುತ್ತದೆ. ‘ಬಾ’ ಬಿಡಲು ಮನಸ್ಸಿಲ್ಲವೆಂದರೆ ಹೆಸರನ್ನು ಮುಂದಿಟ್ಟು ‘ಮಿಂಚು, ಬಾ’ ಎಂಬ ಜೋಡಿಯನ್ನೇ ಒಂದು ಪದವಾಗಿ ಬಳಸಿ, ಯಾವಾಗಲೂ ಹಾಗೆಯೇ. ಆರಿಸಿದ ಪದಗಳನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಮೊದಲ ತಿಂಗಳು ಹೆಸರು ಬಿಟ್ಟು ಎರಡು ಪದಕ್ಕಿಂತ ಹೆಚ್ಚು ಬೇಡ.

ಒಂದೇ ಉಸಿರಿನಲ್ಲಿ ಐದಾರು ಸಲ ಹೇಳುವುದೂ ಪದವನ್ನು ಸವೆಸುತ್ತದೆ. ಒಮ್ಮೆ ಹೇಳಿ, ಹತ್ತು ಸೆಕೆಂಡು ಕಾಯಿರಿ. ಬರದಿದ್ದರೆ ಸುಮ್ಮನೆ ಎದ್ದುಹೋಗಿ. ಮತ್ತೆ ಮತ್ತೆ ಕೂಗಿ ಆರನೆಯ ಸಲಕ್ಕೆ ಬಂದ ಬೆಕ್ಕಿಗೆ ತಿನಿಸು ಕೊಟ್ಟರೆ, ಐದು ಸಲ ಕೇಳಿಸದಂತಿರಬೇಕು ಎಂಬುದೇ ಅದು ಕಲಿಯುವ ಪಾಠ.

ಪದಕ್ಕೆ ಕಹಿ ತಗುಲಿದೆ

ಲಕ್ಷಣ: ಪದ ಕೇಳಿದ ಕೂಡಲೇ ಕಿವಿ ಪಕ್ಕಕ್ಕೆ ಚಪ್ಪಟೆಯಾಗುತ್ತದೆ, ಮೈ ನೆಲಕ್ಕಂಟುತ್ತದೆ, ಅಥವಾ ಬೆಕ್ಕು ಮಂಚದಡಿ ಸೇರುತ್ತದೆ. ಇದನ್ನು ‘ತಿಳಿದಿಲ್ಲ’ ಎಂದು ಓದಬಾರದು. ಚೆನ್ನಾಗಿ ತಿಳಿದಿದೆ.

ಒಯ್ಯುವ ಬುಟ್ಟಿಯೇ ಇದರ ಒಳ್ಳೆಯ ಉದಾಹರಣೆ. ‘ಬುಟ್ಟಿ’ ಎಂಬ ಪದವನ್ನು ವರ್ಷಕ್ಕೆ ಮೂರು ಸಲ, ಇಂಜೆಕ್ಷನ್ನಿಗೆ ಹೊರಡುವಾಗ ಮಾತ್ರ ಹೇಳಿದ ಮನೆಯಲ್ಲಿ ಬೆಕ್ಕು ಮೂರೇ ಪಾಠದಲ್ಲಿ ಪದ ಕಲಿತಿರುತ್ತದೆ. ಬೆಕ್ಕಿನ ಕಲಿಕೆ ನಿಧಾನ ಎನ್ನುವವರು ಇದನ್ನು ನೋಡಬೇಕು. ಹೆಸರಿಗೂ ಇದೇ ಗತಿ. ‘ಮಿಂಚೂ! ಪರದೆ ಬಿಡು!’ ಎಂದು ದಿನಕ್ಕೆ ಎಂಟು ಸಲ ಗದರಿ, ಒಂದು ಸಲ ಮುದ್ದಿನಿಂದ ಕರೆದರೆ ಎಂಟೇ ಗೆಲ್ಲುತ್ತದೆ.

ಕಹಿಯಾದ ಪದವನ್ನು ತೊಳೆದು ಸಿಹಿ ಮಾಡುವುದು ತಿಂಗಳುಗಟ್ಟಲೆಯ ಕೆಲಸ. ಪದ ಬದಲಿಸುವುದೇ ಸುಲಭ. ಹೆಸರೂ ಬದಲಾಗಬಹುದು, ಬೆಕ್ಕಿಗೆ ಆಧಾರ್ ಕಾರ್ಡ್ ಇಲ್ಲ. ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಬಾಗಿಲು ಬಿಚ್ಚಿಟ್ಟು, ಹಳೆಯ ಟವೆಲ್ ಹಾಸಿ ಹಜಾರದಲ್ಲೇ ಬಿಡಿ. ಒಂದು ವಾರ ಊಟದ ತಟ್ಟೆಯನ್ನು ಅದರ ಬಾಯಲ್ಲಿ, ಇನ್ನೊಂದು ವಾರ ಒಳಗೆ ಇಡಿ. ತಾನಾಗಿ ಒಳಹೋಗಲು ತೊಡಗಿದ ಮೇಲೆ ‘ಗೂಡು’ ಎಂಬಂಥ ಹೊಸ ಪದ ಸೇರಿಸಿ. ಮುಂದೆ ಗೂಡು ಎಂದ ಇಪ್ಪತ್ತು ಸಲದಲ್ಲಿ ಒಂದು ಸಲ ಮಾತ್ರ ಬಾಗಿಲು ಮುಚ್ಚಲಿ.

ಮಾತ್ರೆ, ಉಗುರು, ಸ್ನಾನ ಇವುಗಳಿಗೆ ಕರೆಯಬೇಡಿ. ನೀವೇ ಎದ್ದು ಬೆಕ್ಕಿನ ಬಳಿ ಹೋಗಿ. ಈ ನಿಯಮ ಮುರಿಯುವುದು ಮನೆಯಲ್ಲಿ ಸಾಮಾನ್ಯವಾಗಿ ಅವಸರದಲ್ಲಿರುವವರು.

ಕೂಲಿ ಸಾಲದು

ಸಂಬಳದ ವಿಷಯದಲ್ಲಿ ಬೆಕ್ಕು ಚೌಕಾಸಿ ಮಾಡುವುದಿಲ್ಲ, ಕೆಲಸವನ್ನೇ ಬಿಡುತ್ತದೆ. ದಿನವಿಡೀ ತಟ್ಟೆ ತುಂಬಿ ಇಟ್ಟಿರುವ ಮನೆಯಲ್ಲಿ ಅದೇ ಕಾಳನ್ನು ಕೂಲಿಯಾಗಿ ತೋರಿಸಿದರೆ ಯಾರು ಏಳುತ್ತಾರೆ? ಪಾಠದ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ತಟ್ಟೆ ಎತ್ತಿಡಿ. ಉಪವಾಸ ಹಾಕಬೇಡಿ, ಬೆಕ್ಕು ದಿನಗಟ್ಟಲೆ ತಿನ್ನದಿದ್ದರೆ ಲಿವರಿಗೆ ಅಪಾಯ.

ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಎದೆಮಾಂಸ, ಅಥವಾ ಮುಳ್ಳು ತೆಗೆದ ಬೆಂದ ಮೀನು ಒಳ್ಳೆಯ ಕೂಲಿ. ಸಾರಿನೊಳಗಿನ ತುಂಡು ತೊಳೆದು ಕೊಡುವುದು ಬೇಡ, ಈರುಳ್ಳಿ ಬೆಳ್ಳುಳ್ಳಿಯ ಅಂಶ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ಅಳತೆ ಕಡಲೆಬೇಳೆಯಷ್ಟು. ಇಪ್ಪತ್ತು ತುಂಡು ಸೇರಿದರೂ 5 ಗ್ರಾಂ ಮೀರದು, ಸುಮಾರು 8 ಕ್ಯಾಲರಿ. ನಾಲ್ಕು ಕಿಲೊ ತೂಗುವ ಮನೆಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲರಿ ಸಾಕು, ಅದರಲ್ಲಿ ತಿನಿಸಿನ ಪಾಲು ಹತ್ತನೆಯ ಒಂದಕ್ಕಿಂತ ಹೆಚ್ಚಾಗಬಾರದು. ಸಸ್ಯಾಹಾರಿ ಮನೆಯವರು ಅಂಗಡಿಯ ಬೆಕ್ಕಿನ ಆಹಾರದಲ್ಲೇ ದಿನನಿತ್ಯದ್ದಲ್ಲದ, ವಾಸನೆ ಹೆಚ್ಚಿರುವ ಬಗೆಯೊಂದನ್ನು ಪಾಠಕ್ಕೆಂದೇ ತೆಗೆದಿಡಬಹುದು. ಬೆಲ್ಲ, ಬಿಸ್ಕತ್ತು ದಂಡ: ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದೇ ಇಲ್ಲ. ಹಾಲು ಕೊಟ್ಟರೆ ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಭೇದಿ.

ತಿನಿಸಿಗೆ ಸೊಪ್ಪು ಹಾಕದ ಬೆಕ್ಕುಗಳೂ ಇವೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಆಹಾರ, ಆಟಿಕೆ, ವಾಸನೆ, ಮನುಷ್ಯರ ಒಡನಾಟ ನಾಲ್ಕನ್ನೂ ಎದುರಿಗಿಟ್ಟಾಗ ಅರ್ಧದಷ್ಟು ಬೆಕ್ಕುಗಳು ಒಡನಾಟವನ್ನೇ ಆರಿಸಿದವು. ಅಂಥದಕ್ಕೆ ಗಲ್ಲ ಕೆರೆಯುವುದು, ದಾರಕ್ಕೆ ಕಟ್ಟಿದ ಗರಿಯನ್ನು ಐದು ಸೆಕೆಂಡು ಆಡಿಸುವುದು ಕೂಲಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಆಪರೇಷನ್ನೇ ಗತಿ.

ಪಾಠ ಒಮ್ಮೆಗೆ ಎರಡು ಮೂರು ನಿಮಿಷ, ಎಂಟು ಹತ್ತು ಸರದಿ, ದಿನಕ್ಕೆ ಎರಡು ಸಲ. ಮುಂಜಾನೆ ಮತ್ತು ಮುಸ್ಸಂಜೆ ಬೆಕ್ಕಿಗೆ ಚುರುಕು ಹೊತ್ತು. ಮಧ್ಯಾಹ್ನ ಮೂರಕ್ಕೆ ಎಬ್ಬಿಸಿ ಪಾಠ ಹೇಳಿದರೆ ದೋಷ ಬೆಕ್ಕಿನದಲ್ಲ.

‘ಬೇಡ’ ಎಂದರೆ ಕೇಳುವುದಿಲ್ಲ

ಕೇಳುವುದು ಸಾಧ್ಯವೂ ಇಲ್ಲ. ‘ಬೇಡ’ ಎಂಬುದಕ್ಕೆ ಮಾಡಬೇಕಾದ ಕೆಲಸವೇ ಇಲ್ಲ. ಗ್ಯಾಸ್ ಕಟ್ಟೆ ಹತ್ತುವುದು ಬೇಡ, ಸರಿ, ಎಲ್ಲಿಗೆ ಹೋಗಬೇಕು? ಆ ಜಾಗಕ್ಕೊಂದು ಪದ ಕಲಿಸಿ. ಹಳೆಯ ಮನೆಗಳಲ್ಲಿ ಇನ್ನೂ ಇರುವ ಊಟದ ಮಣೆ ಇದಕ್ಕೆ ಹೇಳಿಮಾಡಿಸಿದ್ದು: ಬೇರೆ ಯಾರೂ ಈಗ ಅದರ ಮೇಲೆ ಕೂರುವುದಿಲ್ಲ, ಆ ಪದವೂ ಮಾತಿನಲ್ಲಿ ಸವೆದಿಲ್ಲ. ಇಲ್ಲದಿದ್ದರೆ ಒಂದು ಸಣ್ಣ ಚಾಪೆ ಸಾಕು.

ಮೊದಲು ಗುರುತಿನ ಸದ್ದು. ನಾಲಿಗೆಯನ್ನು ಬಾಯಿಯ ಅಂಗುಳಕ್ಕೆ ತಾಗಿಸಿ ‘ಟಕ್’ ಎನ್ನಿ, ಒಂದು ಸೆಕೆಂಡಿನೊಳಗೆ ತುಂಡು ಕೊಡಿ. ಇಪ್ಪತ್ತು ಸಲ, ಎರಡು ದಿನಕ್ಕೆ ಹಂಚಿ. ‘ಟಕ್’ ಕೇಳಿದೊಡನೆ ಬೆಕ್ಕು ನಿಮ್ಮ ಕೈ ಹುಡುಕಿದರೆ ಮುಂದುವರಿಯಿರಿ. ಸರಿಯಾದ ಕ್ಷಣವನ್ನು ಇದು ಗುರುತು ಮಾಡಿಕೊಡುತ್ತದೆ. ಮಣೆಯಿಂದ ಇಳಿದು ನಿಮ್ಮ ಬಳಿ ಬಂದಾಗ ತುಂಡು ಕೊಟ್ಟರೆ ಕಲಿಸಿದ್ದು ಇಳಿಯುವುದನ್ನು.

ಅಡುಗೆಮನೆಯ ಬಾಗಿಲ ಪಕ್ಕ ಮಣೆ ಇಡಿ. ಜಾರದಂತೆ ಅಡಿಗೆ ಗೋಣಿ ತುಂಡು ಹಾಕಿ. ಒಮ್ಮೆ ಅಲುಗಿದರೆ ಬೆಕ್ಕು ಮತ್ತೆ ಹತ್ತಿರ ಸುಳಿಯುವುದಿಲ್ಲ. ತುಂಡು ಹಿಡಿದ ಬೆರಳನ್ನು ಮೂಗಿನ ಮುಂದಿಂದ ಮಣೆಯ ಮೇಲಕ್ಕೆ ಒಯ್ಯಿರಿ. ಮುಂಗಾಲೆರಡು ಮಣೆ ಮುಟ್ಟಿದ ಗಳಿಗೆ ‘ಟಕ್’, ತುಂಡನ್ನು ಮಣೆಯ ಮೇಲೆಯೇ ಇಡಿ. ಈವರೆಗೆ ಒಂದು ಪದವನ್ನೂ ಹೇಳಿಲ್ಲ, ಗಮನಿಸಿ. ಹತ್ತರಲ್ಲಿ ಎಂಟು ಸಲ ನಾಲ್ಕೂ ಕಾಲು ಮಣೆಯ ಮೇಲೆ ಬರತೊಡಗಿದ ಮೇಲೆ ಪದ ಸೇರಿಸುವ ಸಮಯ. ಕೈ ಬೆನ್ನ ಹಿಂದೆ ಇರುವಾಗ ‘ಮಣೆ’ ಎನ್ನಿ, ಒಂದು ಎಣಿಸಿ, ಆಮೇಲೆ ಬೆರಳು ತೋರಿಸಿ. ಮೂರು ನಾಲ್ಕು ದಿನದಲ್ಲಿ ಬೆರಳು ಹೊರಬರುವ ಮುಂಚೆಯೇ ಬೆಕ್ಕು ಹೊರಡುತ್ತದೆ. ಪದ ನಾಟಿದ್ದು ಆ ಗಳಿಗೆಯಲ್ಲಿ. ಬೆರಳನ್ನು ಅರ್ಧ ತೋರಿಸಿ, ಆಮೇಲೆ ಬಿಟ್ಟೇಬಿಡಿ.

ಇಲ್ಲಿ ಕೆಡುವುದು ಎರಡು ಕಡೆ. ಹತ್ತು ದಿನವಾದರೂ ಬೆರಳಿಲ್ಲದೆ ಏಳುತ್ತಿಲ್ಲವೆಂದರೆ ಪದ ಮತ್ತು ಬೆರಳು ಒಟ್ಟಿಗೆ ಬರುತ್ತಿವೆ; ನಿಮ್ಮದೇ ವಿಡಿಯೊ ತೆಗೆದು ನೋಡಿ, ಭುಜ ಪದಕ್ಕಿಂತ ಮೊದಲೇ ಅಲುಗಿರುತ್ತದೆ. ಇನ್ನೊಂದು, ಬೆಕ್ಕು ಕಟ್ಟೆ ಹತ್ತಿದ ಮೇಲೆಯೇ ‘ಮಣೆ’ ಎಂದು ತುಂಡು ಕೊಡುತ್ತಾ ಹೋದರೆ, ಕಟ್ಟೆ ಹತ್ತುವುದೇ ತುಂಡು ಸಿಗುವ ದಾರಿಯ ಮೊದಲ ಮೆಟ್ಟಿಲು ಎಂದು ಅದು ಲೆಕ್ಕ ಹಾಕುತ್ತದೆ. ಹತ್ತುವ ಮುಂಚೆ, ಒಲೆ ಹಚ್ಚುವ ಮುಂಚೆ ಹೇಳಿ.

ಒಬ್ಬರ ಮಾತು ಮಾತ್ರ ನಡೆಯುತ್ತದೆ

ಸಾಕಿದವರ ದನಿಯನ್ನು ಬೆಕ್ಕು ಅಪರಿಚಿತರ ದನಿಯಿಂದ ಬೇರೆ ಮಾಡಿ ಗುರುತಿಸುತ್ತದೆ. ಫ್ರಾನ್ಸಿನಲ್ಲಿ 16 ಬೆಕ್ಕುಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಜಮಾನರು ಬೆಕ್ಕಿಗೆಂದೇ ಆಡುವ ಮುದ್ದು ರಾಗಕ್ಕೂ ದೊಡ್ಡವರೊಂದಿಗೆ ಆಡುವ ಮಾತಿಗೂ ಅವು ವ್ಯತ್ಯಾಸ ತೋರಿಸಿದವು. ಅಪರಿಚಿತರು ಹಾಗೆ ರಾಗ ಬದಲಿಸಿದಾಗ ತೋರಿಸಲಿಲ್ಲ. ಆದ್ದರಿಂದ ತಾಯಿ ಕಲಿಸಿದ ಪದ ಮಗನ ಬಾಯಲ್ಲಿ ಅರ್ಧ ಹೊಸ ಪದ. ಅವನು ಮೊದಲ ಹೆಜ್ಜೆಯಿಂದ ಶುರುಮಾಡಲಿ, ಮೂರು ನಾಲ್ಕು ದಿನದಲ್ಲಿ ಹಿಡಿಯುತ್ತದೆ. ಗಡಸು ದನಿಯವರು ಸ್ವಲ್ಪ ಮೇಲಿನ ಸ್ವರದಲ್ಲಿ ಹೇಳಲಿ.

ಬೆಕ್ಕುಗಳು ಒಂದಕ್ಕಿಂತ ಹೆಚ್ಚಿದ್ದರೆ ಗೊಂದಲ ಬೇರೆ. ಮೇಲೆ ಹೇಳಿದ 2019ರ ಅಧ್ಯಯನದಲ್ಲಿ ಕ್ಯಾಟ್ ಕೆಫೆಯ (ಗಿರಾಕಿಗಳು ಬೆಕ್ಕುಗಳೊಡನೆ ಹೊತ್ತು ಕಳೆಯುವ ಕಾಫಿ ಅಂಗಡಿಯ) ಬೆಕ್ಕುಗಳು ತಮ್ಮ ಹೆಸರನ್ನು ಜೊತೆಯ ಬೆಕ್ಕುಗಳ ಹೆಸರಿನಿಂದ ಬೇರೆ ಮಾಡಲಿಲ್ಲ. ಅಲ್ಲಿ ಯಾರ ಹೆಸರು ಕರೆದರೂ ಎಲ್ಲಕ್ಕೂ ತಿನಿಸು, ಎಲ್ಲಕ್ಕೂ ಮುದ್ದು ಸಿಗಬಹುದು. ನಿಮ್ಮ ಮನೆಯಲ್ಲಿ ಚಿನ್ನಿ, ಚಿಕ್ಕಿ, ಚುಕ್ಕಿ ಎಂದು ಹೆಸರಿಟ್ಟು ಒಂದೇ ತಟ್ಟೆಗೆ ಕರೆಯುತ್ತಿದ್ದರೆ ಅದೊಂದು ಕೆಫೆಯೇ. ಮೊದಲಕ್ಷರ, ಉದ್ದ ಎರಡೂ ಬೇರೆ ಇರುವ ಹೆಸರಿಡಿ: ಚಿನ್ನಿ, ಭೀಮಣ್ಣ, ಟುಕ್. ಒಂದೊಂದನ್ನೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ವಾರ ಪ್ರತ್ಯೇಕವಾಗಿ ಕಲಿಸಿ. ಆಮೇಲೆ ಒಟ್ಟಿಗೆ ಕೂರಿಸಿ, ಹೆಸರು ಕರೆದುದಕ್ಕೆ ಮಾತ್ರ ತುಂಡು ಕೊಡಿ. ಕರೆಯದೆ ಬಂದದ್ದನ್ನು ಗದರಬೇಡಿ, ಕೈ ಮುಚ್ಚಿಕೊಂಡರೆ ಸಾಕು.

ಅಂಗಳ ದಾಟಿದರೆ ಕಿವಿ ಮುಚ್ಚುತ್ತದೆ

ಒಳಗೆ ಹತ್ತಕ್ಕೆ ಹತ್ತು, ಹೊರಗೆ ಸೊನ್ನೆ. ಹೊರಗೆ ಓತಿಕ್ಯಾತವಿದೆ, ಅಳಿಲಿದೆ, ಪಕ್ಕದ ಮನೆಯ ಗಂಡು ಬೆಕ್ಕಿದೆ. ಕಡಲೆಬೇಳೆ ಗಾತ್ರದ ಕೋಳಿ ಅವುಗಳೆದುರು ಸೋಲುತ್ತದೆ. ಕೋಣೆ, ಹಜಾರ, ಮುಚ್ಚಿದ ವರಾಂಡ, ಆಮೇಲೆ ಅಂಗಳ ಎಂದು ನಾಲ್ಕು ಹಂತ ಮಾಡಿ, ಪ್ರತಿ ಹಂತದಲ್ಲೂ ಎರಡು ಮೀಟರಿನಿಂದ ಶುರುಮಾಡಿ. ಕರೆದು ಬಂದ ಹತ್ತು ಸಲದಲ್ಲಿ ಎಂಟು ಸಲ ತುಂಡು ಕೊಟ್ಟು ಮತ್ತೆ ಹೊರಗೆ ಬಿಡಬೇಕು. ಪ್ರತಿ ಸಲ ಹಿಡಿದು ಒಳಗೆ ಹಾಕಿ ಚಿಲಕ ಜಡಿದರೆ ಕರೆ ಎಂದರೆ ಸೆರೆ ಎಂದಾಯಿತು. ಬೆದೆಗೆ ಬಂದ ಬೆಕ್ಕಿಗೆ ಆ ದಿನಗಳಲ್ಲಿ ಪಾಠ ಹೇಳುವುದು ವ್ಯರ್ಥ. ಸಂತಾನಹರಣ ಚಿಕಿತ್ಸೆಯಾಗಿ ಚೇತರಿಸಿಕೊಂಡ ಮೇಲೆ ಮತ್ತೆ ಹಿಡಿಯಿರಿ. ದೀಪಾವಳಿಯ ವಾರವೂ ರಜೆ.

ಕಲಿತದ್ದು ಇದ್ದಕ್ಕಿದ್ದಂತೆ ನಿಂತರೆ

ವರ್ಷಗಟ್ಟಲೆ ಬರುತ್ತಿದ್ದ ಬೆಕ್ಕು ಒಂದೆರಡು ವಾರದಲ್ಲಿ ಕರೆಗೆ ತಿರುಗದಂತಾದರೆ ಪಾಠ ತಿದ್ದಲು ಹೋಗಬೇಡಿ, ಪೊಟ್ಟಣದ ಪರೀಕ್ಷೆಗೆ ಮರಳಿ. ಹತ್ತು ವರ್ಷ ದಾಟಿದ ಬೆಕ್ಕು ರಾತ್ರಿ ಗಟ್ಟಿಯಾಗಿ ಕೂಗತೊಡಗಿದರೆ ಕಿವಿ ಮಂದವಾಗಿರಬಹುದು, ರಕ್ತದೊತ್ತಡ ಏರಿರಬಹುದು, ಥೈರಾಯ್ಡ್ ಹೆಚ್ಚಾಗಿರಬಹುದು. ಎಳೆಯ ಬೆಕ್ಕಾದರೆ ಕಿವಿಯ ಸೋಂಕು, ಹಲ್ಲುನೋವು. ತುಂಡು ಮೂಸಿ ಬಾಯಿಗೆ ಹಾಕದಿರುವುದು ಹಲ್ಲುನೋವಿನ ಸುಳಿವು. ಇವೆಲ್ಲ ವೈದ್ಯರ ಮೇಜಿನ ಮೇಲೆ ತೀರ್ಮಾನವಾಗುವಂಥವು. ಮನೆಯಲ್ಲಿ ಉಳಿದ ಪ್ಯಾರಾಸಿಟಮಾಲ್ ಕೊಡುವ ಯೋಚನೆ ಬಂದಿದ್ದರೆ ಬಿಡಿ, ಒಂದು ಮಾತ್ರೆಯೂ ಕೊಲ್ಲಬಲ್ಲದು.

ಕಿವಿ ಪೂರ್ತಿ ಹೋಗಿದೆ ಎಂದು ಗೊತ್ತಾದ ಬೆಕ್ಕಿಗೂ ಮೇಲಿನ ಹೆಜ್ಜೆಗಳೇ ಸಾಕು, ಪದದ ಜಾಗದಲ್ಲಿ ಕಾಣುವುದನ್ನು ಇಡಿ. ‘ಟಕ್’ ಬದಲು ಹೆಬ್ಬೆರಳೆತ್ತುವುದು, ಕರೆಗೆ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹಚ್ಚುವುದು. ಲೇಸರ್ ಬೇಡ. ಮಲಗಿರುವಾಗ ಮುಟ್ಟಿ ಎಬ್ಬಿಸಬೇಡಿ. ಹಾಸಿಗೆಯ ಅಂಚನ್ನು ಎರಡು ಸಲ ಅದುಮಿ, ಅದುರು ತಾಕಿ ತಾನೇ ಕಣ್ಣು ಬಿಡಲಿ. ಗೇಟಿನಿಂದಾಚೆಗೆ ಬಿಡಬೇಡಿ, ಹಿಂದಿನಿಂದ ಬರುವ ಸ್ಕೂಟರಿನ ಸದ್ದು ಅದಕ್ಕಿಲ್ಲ.